ಮಗನಿಗಾಗಿ ಸಿಪಾಯಿ ವೇಷ: ತಾಯಿ ನಿಜಕ್ಕೂ ದಂಡಿನೊಳಗೆ ನುಸುಳಬಹುದಿತ್ತೇ?

ಕೋಲಾರ, ಮುಳಬಾಗಿಲು ಕಡೆಯ ಜಾತ್ರೆ ನಾಟಕ ನೋಡಿದವರಿಗೆ ಇಂಥ ದೃಶ್ಯ ಹೊಸದೇನೂ ಅನ್ನಿಸದು. ಮಗನನ್ನು ವೈರಿಯ ದಂಡು ಹಿಡಿದುಕೊಂಡು ಹೋಗಿದೆ. ತಾಯಿ ಸೈಡ್ ವಿಂಗಿಗೆ ಹೋಗುತ್ತಾಳೆ. ಹಾರ್ಮೋನಿಯಂ ಎರಡು ಸುತ್ತು ಮುಗಿಸುವಷ್ಟರಲ್ಲಿ ಪೇಟ, ನಡುಪಟ್ಟಿ, ಅಂಟಿಸಿದ ಮೀಸೆಯೊಂದಿಗೆ ಹೊರಗೆ ಬರುತ್ತಾಳೆ. ಪಾಳೆಯದ ಕಾವಲಿನವನು ‘ಯಾರಯ್ಯಾ ನೀನು?’ ಅನ್ನುತ್ತಾನೆ. ಅವಳು ದನಿ ದಪ್ಪ ಮಾಡಿ ಏನೋ ಹೇಳುತ್ತಾಳೆ, ಅವನು ಒಳಗೆ ಬಿಡುತ್ತಾನೆ. ಮುಂದೆ ಚಾಪೆ ಹಾಸಿ ಕೂತ ಅಜ್ಜಿಯರು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾರೆ. ಹಿಂದೆ ನಿಂತ ಹುಡುಗರು ಮಾತ್ರ ಕಿಸಕ್ಕೆಂದು ನಗುತ್ತಾರೆ: ‘ಅದೆಂಗ್ಲಾ ಗೊತ್ತಾಗ್ಲಿಲ್ಲ ಅವ್ನಿಗೆ?’

ಪ್ರಶ್ನೆ ತಲೆಹರಟೆಯದಾದರೂ ಒಳ್ಳೆಯದು. ಇತಿಹಾಸ ಇದಕ್ಕೆ ಉತ್ತರ ಇಟ್ಟುಕೊಂಡಿದೆ, ಆದರೆ ಆ ಉತ್ತರ ನಾಟಕದವರಿಗೆ ಅರ್ಧ ಮಾತ್ರ ಅನುಕೂಲ. ಹೆಂಗಸರು ಗಂಡುವೇಷದಲ್ಲಿ ಸೈನ್ಯ ಸೇರಿದ್ದಾರೆ, ವರ್ಷಗಟ್ಟಲೆ ಸಿಕ್ಕಿಬೀಳದೆ ಕಾದಾಡಿದ್ದಾರೆ. ಮಗನನ್ನು ಕಾಪಾಡಲು ತಾಯಿ ಹಾಗೆ ಮಾಡಿದಳೇ ಎಂದು ಹುಡುಕಲು ಹೊರಟರೆ ಮಾತ್ರ ಕತೆ ಬೇರೆ ದಾರಿ ಹಿಡಿಯುತ್ತದೆ.

ಮೊದಲು ನಮ್ಮ ಪಕ್ಕದಲ್ಲೇ ಕಾದಾಡಿ ಹೋದವಳ ವಿಷಯ. ಹ್ಯಾನಾ ಸ್ನೆಲ್ ಎಂಬ ಇಂಗ್ಲಿಷ್ ಹೆಂಗಸು ಜೇಮ್ಸ್ ಗ್ರೇ ಎಂದು ಹೆಸರು ಬರೆಸಿ ಹಡಗಿನ ಸಿಪಾಯಿಯಾಗಿ ಇಲ್ಲಿಗೆ ಬಂದಳು. 1748ರಲ್ಲಿ ಇಂಗ್ಲಿಷರು ಪುದುಚೇರಿಗೆ ಹಾಕಿದ ಮುತ್ತಿಗೆಯಲ್ಲಿ ಅವಳಿದ್ದಳು, ಮರುವರ್ಷ ಚಿದಂಬರದ ಹತ್ತಿರ ದೇವಿಕೋಟೆಯ ಕಾಳಗದಲ್ಲೂ ಇದ್ದಳು. ಕಾಲಿಗೂ ತೊಡೆಸಂದಿಗೂ ಗುಂಡು ಬಿತ್ತು. ಕಾಲಿನ ಗಾಯವನ್ನು ವೈದ್ಯರಿಗೆ ತೋರಿಸಿದಳು, ತೊಡೆಸಂದಿನ ಗುಂಡಿನ ಸುದ್ದಿ ಎತ್ತಲಿಲ್ಲ. ಈ ನಾಡಿನ ಹೆಂಗಸೊಬ್ಬಳ ನೆರವಿನಿಂದ ಅದನ್ನು ತಾನೇ ಕಿತ್ತುಕೊಂಡಳು ಎಂದು 1750ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವಳ ಕತೆ ಹೇಳುತ್ತದೆ. ಆ ಕತೆಯಲ್ಲಿ ಉಪ್ಪುಖಾರ ಧಾರಾಳವಾಗಿಯೇ ಬಿದ್ದಿದೆ. ಆದರೆ ಅವಳು ಸೈನ್ಯದಲ್ಲಿದ್ದದ್ದು ನಿಜ, ಗುಟ್ಟು ತಾನೇ ಬಿಟ್ಟುಕೊಟ್ಟ ಮೇಲೆ ಸರ್ಕಾರ ಪಿಂಚಣಿ ಕೊಟ್ಟಿದ್ದೂ ನಿಜ. ನನಗೆ ಕುತೂಹಲ ಅವಳಿಗಿಂತ ಆ ಹೆಸರಿಲ್ಲದ ಹೆಂಗಸಿನ ಬಗ್ಗೆ. ಭಾಷೆ ಬಾರದ ಪರದೇಶಿ ಸಿಪಾಯಿಯ ಗಾಯ ತೊಳೆದವಳು ಎಲ್ಲವನ್ನೂ ನೋಡಿದ್ದಳು, ಯಾರಿಗೂ ಬಾಯಿ ಬಿಡಲಿಲ್ಲ.

ಇಷ್ಟು ದೊಡ್ಡ ದಂಡಿನಲ್ಲಿ ಯಾರ ಕಣ್ಣಿಗೂ ಬೀಳದೆ ಇರುವುದು ಹೇಗೆ? ಇವತ್ತಿನ ಸೈನ್ಯ ಭರ್ತಿಯನ್ನು ತಲೆಯಲ್ಲಿಟ್ಟುಕೊಂಡರೆ ಇದು ಅಸಾಧ್ಯ ಅನ್ನಿಸುತ್ತದೆ. ಆಗಿನ ಪದ್ಧತಿಯೇ ಬೇರೆ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧವನ್ನು ತೆಗೆದುಕೊಳ್ಳಿ. ಆ ಯುದ್ಧದಲ್ಲಿ ಗಂಡುವೇಷದ ಹೆಂಗಸರು ನಾನೂರರ ಆಸುಪಾಸು ಇದ್ದರೆಂದು ಆ ಕಾಲದವರೇ ಅಂದಾಜು ಕಟ್ಟಿದ್ದರು. ನಿಯಮದ ಪುಸ್ತಕದಲ್ಲಿ ದೇಹಪರೀಕ್ಷೆ ಇತ್ತು. ಆದರೆ ಜನ ಬೇಕಾಗಿದ್ದ ಗಡಿಬಿಡಿಯಲ್ಲಿ ಎಷ್ಟೋ ಕಡೆ ವೈದ್ಯರು ನೋಡುತ್ತಿದ್ದದ್ದು ಎರಡನ್ನೇ: ಬಂದೂಕಿನ ಕುದುರೆ ಎಳೆಯಲು ಬೆರಳು ಸರಿಯಾಗಿದೆಯೇ, ಬಾಯಲ್ಲಿ ಮುಂದಿನ ಹಲ್ಲುಗಳಿವೆಯೇ. ಹಲ್ಲೇಕೆ ಅಂದರೆ, ಮದ್ದು ತುಂಬಿದ ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿದು ನಳಿಗೆಗೆ ಸುರಿಯಬೇಕಿತ್ತು. 1857ರಲ್ಲಿ ನಮ್ಮ ಸಿಪಾಯಿಗಳನ್ನು ರೊಚ್ಚಿಗೆಬ್ಬಿಸಿದ್ದೂ ಇದೇ ಕಚ್ಚುವ ಕೆಲಸ. ಬೆರಳೂ ಹಲ್ಲೂ ಇದ್ದರೆ ಸಿಪಾಯಿ ಸಿದ್ಧ.

ಒಳಗೆ ಸೇರಿದ ಮೇಲಿನ ಬದುಕೂ ಗುಟ್ಟಿಗೆ ಅನುಕೂಲವಾಗಿಯೇ ಇತ್ತು. ದೊಗಳೆ ಅಂಗಿ, ದಪ್ಪ ಬಟ್ಟೆಯ ಕೋಟು. ರಾತ್ರಿ ಮಲಗುವುದೂ ಅದೇ ಬಟ್ಟೆಯಲ್ಲಿ, ಏಕೆಂದರೆ ಕರೆ ಬಂದ ಕೂಡಲೇ ಎದ್ದು ಓಡಬೇಕು. ವಾರಗಟ್ಟಲೆ ಸ್ನಾನವಿಲ್ಲ. ಬಯಲಿಗೆ ಹೋಗುವುದು ಕಾಡಿನ ಕಡೆ, ನಾಚಿಕೆ ಸ್ವಭಾವದ ಹುಡುಗರು ಇನ್ನಷ್ಟು ದೂರ ಹೋಗುತ್ತಿದ್ದರು, ಹಾಗಾಗಿ ಅದನ್ನು ಯಾರೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಮುಟ್ಟಿನ ಮಾತು ಕೇಳುವವರಿಗೂ ಉತ್ತರವಿದೆ. ಅರೆಹೊಟ್ಟೆ ಊಟ, ದಿನವಿಡೀ ನಡಿಗೆ, ಭಯ, ಇವು ಸೇರಿದರೆ ಎಷ್ಟೋ ಜನರಿಗೆ ಮುಟ್ಟೇ ನಿಂತುಹೋಗುತ್ತದೆ. ನಿಲ್ಲದಿದ್ದರೂ, ಗಾಯಾಳುಗಳೇ ತುಂಬಿದ ಪಾಳೆಯದಲ್ಲಿ ರಕ್ತದ ಬಟ್ಟೆ ಕಂಡು ಯಾರಿಗೆ ಅನುಮಾನ ಬಂದೀತು?

ಎಲ್ಲಕ್ಕಿಂತ ದೊಡ್ಡ ರಕ್ಷಣೆ ನೋಡುವವರ ತಲೆಯಲ್ಲಿತ್ತು. ಪ್ಯಾಂಟು ತೊಟ್ಟು, ಕೂದಲು ಕತ್ತರಿಸಿ, ಬಂದೂಕು ಹಿಡಿದವನು ಗಂಡಸೇ ಆಗಿರಬೇಕು ಎಂಬುದರಲ್ಲಿ ಆಗಿನವರಿಗೆ ಸಂಶಯವೇ ಇರಲಿಲ್ಲ. ಹೆಂಗಸು ಪ್ಯಾಂಟು ಹಾಕಿದ್ದನ್ನೇ ಕಂಡಿರದವರು ಬಟ್ಟೆಯನ್ನು ನೋಡುತ್ತಿದ್ದರು, ಮುಖವನ್ನು ಆಮೇಲೆ. ಹೀಗಾಗಿ ಹೆಚ್ಚಿನವರು ಸಿಕ್ಕಿಬಿದ್ದದ್ದು ನಡಿಗೆಯಿಂದಲೋ ದನಿಯಿಂದಲೋ ಅಲ್ಲ. ಬಟ್ಟೆ ಬಿಚ್ಚುವಂಥ ಗಾಯ, ಜ್ವರ, ಇಲ್ಲವೇ ಸಾವು ಅವರನ್ನು ಹಿಡಿದುಕೊಟ್ಟಿತು. 1863ರಲ್ಲಿ ನ್ಯೂಜೆರ್ಸಿಯ ಪಡೆಯೊಂದರ ‘ಕಾರ್ಪೊರಲ್’ ಒಬ್ಬ ಪಾಳೆಯದಲ್ಲೇ ಹೆತ್ತ ಸುದ್ದಿಯನ್ನು ಸೈನಿಕರು ಬೆರಗಿನಿಂದ ಮನೆಗೆ ಬರೆದಿದ್ದರು. ಹೆರಿಗೆಯ ದಿನದವರೆಗೂ ಜೊತೆಯವರಿಗೆ ತಿಳಿದಿರಲಿಲ್ಲ! ಕೆಲವರಂತೂ ಯುದ್ಧ ಮುಗಿದ ಮೇಲೂ ಗಂಡಸಾಗಿಯೇ ಬದುಕಿದರು. ಇಲಿನಾಯ್ ಪಡೆಯ ಆಲ್ಬರ್ಟ್ ಕ್ಯಾಶಿಯರ್ 1915ರಲ್ಲಿ ಸಾಯುವ ಒಂದೆರಡು ವರ್ಷ ಮುಂಚೆಯಷ್ಟೇ ವಿಷಯ ಊರಿಗೆಲ್ಲ ತಿಳಿಯಿತು. ಅಂಥವರ ಬಾಳನ್ನು ವೇಷ ಅನ್ನುವುದೇ ತಪ್ಪಾದೀತು.

ಇಲ್ಲಿಯವರೆಗೆ ನಾಟಕದ ಪಾರ್ಟಿ ಗೆದ್ದ ಹಾಗೆ. ಈಗ ಮೀಸೆಯ ವಿಷಯಕ್ಕೆ ಬರೋಣ.

ಗಂಡುವೇಷದ ಹೆಂಗಸು ದಂಡಿನಲ್ಲಿ ಉಳಿದದ್ದು ಗಂಡಸಿನ ಹಾಗೆ ಕಂಡಿದ್ದರಿಂದ ಅಂತ ನಾವು ಅಂದುಕೊಳ್ಳುತ್ತೇವೆ. ಅವಳು ಕಂಡದ್ದು ಹುಡುಗನ ಹಾಗೆ. ಹದಿನೆಂಟು, ಹತ್ತೊಂಬತ್ತನೇ ಶತಮಾನದ ಸೈನ್ಯಗಳಲ್ಲಿ ಹದಿನೈದು, ಹದಿನಾರರ ಪೋರರು ಬೇಕಾದಷ್ಟಿದ್ದರು. ವಯಸ್ಸಿನ ಲೆಕ್ಕ ಬಾಯಿಮಾತಿನದು. ಮೀಸೆ ಚಿಗುರದ ಮುಖ, ಒಡೆಯದ ದನಿ, ಸಣ್ಣ ಅಂಗೈ ಎಲ್ಲವೂ ಅವರಲ್ಲಿ ಮಾಮೂಲು. ಇಪ್ಪತ್ತು, ಇಪ್ಪತ್ತೈದರ ಹೆಣ್ಣು ಆ ಗುಂಪಿನಲ್ಲಿ ಸಲೀಸಾಗಿ ಕರಗಿಹೋಗುತ್ತಿದ್ದಳು. ಅಂಟು ಮೀಸೆಯ ತಂಟೆಗೇ ಅವಳು ಹೋಗಬೇಕಿರಲಿಲ್ಲ, ಹೋದರೆ ಮೊದಲ ಮಳೆಗೇ ಬಣ್ಣ ಬಯಲಾಗುತ್ತಿತ್ತು.

ಈಗ ನಮ್ಮ ನಾಟಕದ ತಾಯಿಯನ್ನು ನೆನೆಯಿರಿ. ಮಗ ಸಿಪಾಯಿಯಾಗುವ ವಯಸ್ಸಿನವನು ಅಂದರೆ ಅವಳಿಗೆ ಮೂವತ್ತೈದೋ ನಲವತ್ತೋ. ನಲವತ್ತರ ಮುಖಕ್ಕೆ ಹದಿನಾರರ ಹುಡುಗನಾಗಲು ಸಾಧ್ಯವಿಲ್ಲ, ನಲವತ್ತರ ಗಂಡಸಾಗಬೇಕೆಂದರೆ ಗಡ್ಡ ಮೀಸೆಯ ಗುರುತು ಬೇಕು. ಅದರಲ್ಲೂ ಮೀಸೆ ತಿರುವುವುದೇ ಸಿಪಾಯಿಯ ಗತ್ತಾಗಿದ್ದ ನಮ್ಮ ಕಡೆ! ಯಾರದೋ ಬದಲಿಗೆ ಯುದ್ಧಕ್ಕೆ ಹೋದ ಹೆಣ್ಣುಗಳ ಕತೆಗಳನ್ನು ಸಾಲಾಗಿ ನೋಡಿದರೆ ಈ ವಯಸ್ಸಿನ ಲೆಕ್ಕ ಎದ್ದು ಕಾಣುತ್ತದೆ. ಚೀನಾದ ಹಳೆಯ ಕತೆಯ ಮುಲಾನ್ ಹೋದದ್ದು ಅಪ್ಪನ ಬದಲಿಗೆ. ಸರ್ಬಿಯಾದ ಮಿಲುಂಕಾ ಸಾವಿಚ್ 1912ರಲ್ಲಿ ಅಣ್ಣತಮ್ಮನ ಬದಲಿಗೆ ಹೋದಳು ಎನ್ನುತ್ತಾರೆ. ಮರುವರ್ಷ ಗಾಯಗೊಂಡು ಆಸ್ಪತ್ರೆ ಸೇರಿದಾಗಲೇ ಅವಳು ಹೆಣ್ಣೆಂದು ತಿಳಿದದ್ದು. ಮಗಳು, ತಂಗಿ, ಹೆಂಡತಿ, ಪ್ರೇಯಸಿ ಎಲ್ಲರೂ ಸಿಗುತ್ತಾರೆ. ಬೆಳೆದ ಮಗನ ಬದಲಿಗೆ ನಿಂತ ತಾಯಿ ಮಾತ್ರ ನಾನು ಓದಿದ್ದರಲ್ಲಿ ಸಿಕ್ಕಿಲ್ಲ.

ಹಾಗಂತ ವೇಷ ಹಾಕಿದವರಲ್ಲಿ ತಾಯಂದಿರೇ ಇರಲಿಲ್ಲವೇ? ಇದ್ದರು. ಕತೆ ತಿರುಗುವುದೇ ಇಲ್ಲಿ. ಡಬ್ಲಿನ್ನಿನ ಕ್ರಿಶ್ಚಿಯನ್ ಡೇವೀಸ್ 1690ರ ದಶಕದಲ್ಲಿ, ಸೈನ್ಯ ಸೇರಿ ಕಾಣೆಯಾದ ಗಂಡನನ್ನು ಹುಡುಕಲು ಸಿಪಾಯಿಯಾದಳು. ಮಕ್ಕಳನ್ನು ಬೇರೆಯವರ ಕೈಗೆ ಒಪ್ಪಿಸಿ ಹೋದಳು. 1706ರಲ್ಲಿ ರಾಮಿಲೀಸ್ ಕಾಳಗದಲ್ಲಿ ತಲೆಬುರುಡೆಗೆ ಏಟು ಬಿದ್ದು ವೈದ್ಯರ ಕೈಗೆ ಸಿಕ್ಕುವವರೆಗೂ ಗುಟ್ಟು ಉಳಿಯಿತು. ಹ್ಯಾನಾ ಸ್ನೆಲ್ ಮನೆ ಬಿಟ್ಟದ್ದು ಹೆತ್ತ ಹೆಣ್ಣುಮಗು ಹಸುಗೂಸಾಗಿರುವಾಗಲೇ ತೀರಿಹೋದ ಮೇಲೆ. ರಷ್ಯಾದ ನಾದೆಝ್ದಾ ದುರೋವಾಳದ್ದು ಇನ್ನೂ ಗಟ್ಟಿ ಉದಾಹರಣೆ. 1803ರಲ್ಲಿ ಅವಳಿಗೆ ಗಂಡುಮಗು ಹುಟ್ಟಿತು. 1806ರಲ್ಲಿ ಮಗನನ್ನು ಬಿಟ್ಟು ಗಂಡುಡುಗೆ ತೊಟ್ಟು ಕುದುರೆ ಏರಿ ಹೊರಟೇಹೋದಳು. ಇಪ್ಪತ್ತಮೂರರ ಹೆಂಗಸು ತನ್ನ ವಯಸ್ಸನ್ನು ತಗ್ಗಿಸಿ ಹೇಳಿ ಅಶ್ವದಳ ಸೇರಿದಳು. ನೆಪೋಲಿಯನ್ನನ ವಿರುದ್ಧ ಕಾದಾಡಿದಳು. ವಿಷಯ ತಿಳಿದ ಚಕ್ರವರ್ತಿ ಅಲೆಕ್ಸಾಂಡರ್ ಅವಳನ್ನು ಮನೆಗೆ ಕಳಿಸದೆ, ಪದಕವನ್ನೂ ತನ್ನ ಹೆಸರಿನಿಂದಲೇ ಕಟ್ಟಿದ ಹೊಸ ಹೆಸರನ್ನೂ ಕೊಟ್ಟು ಸೈನ್ಯದಲ್ಲೇ ಇರಿಸಿಕೊಂಡ. ಮುಂದೆ ಅವಳು ತನ್ನ ಸೈನ್ಯದ ದಿನಗಳ ಬಗ್ಗೆ ಪುಸ್ತಕ ಬರೆದಳು. ಅದರಲ್ಲಿ ಅವಳ ಕುದುರೆಯ ಬಗ್ಗೆ ಪ್ರೀತಿಯ ಮಾತುಗಳಿವೆ. ಗಂಡನ ಸುದ್ದಿ ಇಲ್ಲ, ಮಗನ ಸುದ್ದಿ ಇಲ್ಲ.

ಅಂದರೆ ದಾಖಲೆಗಳಲ್ಲಿ ಸಿಗುವ ಸಿಪಾಯಿ ತಾಯಿ ಮಗುವನ್ನು ಕಟ್ಟಿಕೊಂಡು ಹೋದವಳಲ್ಲ, ಬಿಟ್ಟು ಹೋದವಳು. ಇದನ್ನು ಕೇಳಿ ಅವಳನ್ನು ಕಲ್ಲೆದೆಯವಳು ಅನ್ನುವುದು ಸುಲಭ. ಆದರೆ ಆ ವೇಷದ ಷರತ್ತೇ ಹಾಗಿತ್ತು. ಇಪ್ಪತ್ತರ ಹುಡುಗನಾಗಿ ನಟಿಸುವವಳಿಗೆ ಹಿಂದೆ ಮುಂದೆ ಯಾರೂ ಇರಬಾರದು. ‘ಅವ್ವಾ’ ಎಂದು ಕರೆಯುವ ಒಂದು ಬಾಯಿ ಇದ್ದರೆ ಆಟ ಮುಗಿದಂತೆ.

ಹಾಗಾದರೆ ಮಗನ ಜೀವಕ್ಕೆ ಹೆದರಿದ ತಾಯಿ ಏನು ಮಾಡುತ್ತಿದ್ದಳು? ಇದಕ್ಕೆ ಉತ್ತರ ನಮ್ಮ ಸೀಮೆಯಲ್ಲೇ ಇದೆ. ನಾವು ದಂಡು ಅಂದರೆ ಬರೀ ಸಿಪಾಯಿಗಳ ಸಾಲು ಅಂದುಕೊಂಡಿರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ.

1791ರ ಫೆಬ್ರವರಿ ಕೊನೆಯಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಇಂಗ್ಲಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಘಟ್ಟ ಹತ್ತಿ ಮುಳಬಾಗಿಲು, ಕೋಲಾರ, ಹೊಸಕೋಟೆ ದಾರಿಯಲ್ಲಿ ಬೆಂಗಳೂರಿಗೆ ನಡೆಯಿತು. ಮಾರ್ಚ್ 21ಕ್ಕೆ ಬೆಂಗಳೂರಿನ ಕೋಟೆ ಬಿತ್ತು, ಅಕ್ಟೋಬರಿನಲ್ಲಿ ನಂದಿದುರ್ಗ. ಆ ಸೈನ್ಯವನ್ನು ಇಂದಿನ ರಸ್ತೆಯಲ್ಲಿ ನಿಲ್ಲಿಸಿ ನೋಡಿದರೆ ಅದು ನಡೆದಾಡುವ ಪಟ್ಟಣ. ಆ ಕಾಲದ ದಂಡುಗಳಲ್ಲಿ ಕಾದಾಡುವವರಿಗಿಂತ ಹಿಂದೆ ಬರುವವರೇ ಹಲವು ಪಟ್ಟು ಹೆಚ್ಚು. ಬಜಾರಿನವರು, ಎತ್ತಿನವರು, ಅಗಸರು, ಚಮ್ಮಾರರು, ಡೋಲಿ ಹೊರುವವರು. ಒಂದೊಂದು ಕುದುರೆಗೂ ಅದನ್ನು ನೋಡಿಕೊಳ್ಳುವ ಒಬ್ಬ ಸಾಯಿಸ, ಹುಲ್ಲು ಕೊಯ್ದು ತರಲು ಇನ್ನೊಬ್ಬ ಆಳು. ಮದ್ರಾಸಿನ ಸಿಪಾಯಿಗಳಂತೂ ಹೆಂಡತಿ ಮಕ್ಕಳು, ಮುದುಕಿ ತಾಯಿಯ ಸಮೇತ ಊರಿಂದೂರಿಗೆ ಹೋಗುವವರು. ಇಡೀ ಸೈನ್ಯದ ಹೊಟ್ಟೆ ತುಂಬಿಸುತ್ತಿದ್ದವರು ಲಂಬಾಣಿಗಳು. ಸಾವಿರಾರು ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು, ಹೆಂಗಸರು ಮಕ್ಕಳು ಸಮೇತ ತಾಂಡಾಕ್ಕೆ ತಾಂಡಾವೇ ದಂಡಿನ ಜೊತೆ ಸಾಗುತ್ತಿತ್ತು. ಎತ್ತು ಸತ್ತರೆ ಯುದ್ಧ ನಿಂತಂತೆ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲವರೆಗೆ ಹೋದ ಕಾರ್ನ್‌ವಾಲಿಸ್ ಎತ್ತುಗಳೂ ದಿನಸಿಯೂ ಇಲ್ಲದೆ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು.

ಇಂಥ ಪಾಳೆಯಕ್ಕೆ ಹೋಗಲು ತಾಯಿಗೆ ಪೇಟವೂ ಬೇಡ, ಮೀಸೆಯೂ ಬೇಡ. ನಂದಿಬೆಟ್ಟದ ತಪ್ಪಲಿನ ಹಳ್ಳಿಯ ಒಬ್ಬ ತಾಯಿ ಆ ವರ್ಷ ತನ್ನ ಮಗನನ್ನು ನೋಡಬೇಕೆಂದುಕೊಂಡಳು ಅಂತ ಇಟ್ಟುಕೊಳ್ಳಿ. ತಲೆಯ ಮೇಲೆ ಹುಲ್ಲಿನ ಹೊರೆ, ಇಲ್ಲವೇ ಮಜ್ಜಿಗೆಯ ಗಡಿಗೆ ಇದ್ದರೆ ಮುಗಿಯಿತು. ಯಾವ ಕಾವಲಿನವನೂ ‘ಯಾರಮ್ಮಾ ನೀನು?’ ಅನ್ನುವುದಿಲ್ಲ, ಅಂದರೂ ಮಜ್ಜಿಗೆ ಕುಡಿದು ಬಿಡುತ್ತಾನೆ. ಸಿಪಾಯಿ ವೇಷ ಹಾಕಿದ್ದರೆ ಅವಳಿಗೆ ಪಹರೆ, ಹಾಜರಿ, ಕವಾಯತು ಎಲ್ಲ ಗಂಟುಬೀಳುತ್ತಿದ್ದವು, ಮಗ ಇರುವ ತುಕಡಿಯನ್ನು ಬಿಟ್ಟು ಬೇರೆ ಕಡೆ ಕಳಿಸಿದ್ದರೆ ಹೋಗಲೇಬೇಕಿತ್ತು. ಸಿಪಾಯಿಗೆ ತನಗಿಷ್ಟ ಬಂದ ಕಡೆ ತಿರುಗಾಡುವ ಹಕ್ಕಿಲ್ಲ. ಮಜ್ಜಿಗೆ ಮಾರುವವಳಿಗಿದೆ.

ಇಲ್ಲೇ ನಡೆದ ಇನ್ನೊಂದು ಕತೆ ಹೈದರಾಲಿಯ ತಾಯಿಯದು. ಹೈದರ್ ಹುಟ್ಟಿದ್ದು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ತಂದೆ ಫತೇ ಮಹಮದ್ ಸಿರಾದ ಮೊಗಲ್ ಸುಬೇದಾರನ ಕೈಕೆಳಗೆ ಕೋಲಾರದಲ್ಲಿದ್ದ ದಳವಾಯಿ. ಅವನ ಗೋರಿ ಇಂದಿಗೂ ಕೋಲಾರದ ಮಕ್ಬರಾದಲ್ಲಿದೆ. ಅವನು ಯುದ್ಧದಲ್ಲಿ ಸತ್ತಾಗ ಹೆಂಡತಿ, ಇಬ್ಬರು ಗಂಡುಮಕ್ಕಳು ದೊಡ್ಡಬಳ್ಳಾಪುರದಲ್ಲಿ ಅಲ್ಲಿಯ ಜಹಗೀರುದಾರ ಅಬ್ಬಾಸ್ ಕುಲಿಖಾನನ ಕೈಯಲ್ಲಿ ಸಿಕ್ಕಿಬಿದ್ದರು. ಸತ್ತವನ ಸಾಲ ತೀರಿಸೆಂದು ತಾಯಿಯನ್ನು ಬಗ್ಗಿಸಲು ಆ ಪುಟ್ಟ ಹುಡುಗರನ್ನು ನಗಾರಿಯೊಳಗೆ ತುರುಕಿ ಮೇಲೆ ಬಾರಿಸಿದರೆಂದು ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ತಾಯಿ ಇದ್ದದ್ದನ್ನೆಲ್ಲ ಕೊಟ್ಟು ಮಕ್ಕಳನ್ನು ಬಿಡಿಸಿಕೊಂಡು ಬೆಂಗಳೂರಿನಲ್ಲಿದ್ದ ಅಣ್ಣತಮ್ಮನ ಆಸರೆಗೆ ನಡೆದಳು. ಕತ್ತಿಯಿಲ್ಲ, ವೇಷವಿಲ್ಲ. ಒಡವೆ, ತವರು, ಇವೆರಡೇ ಅವಳ ಬಳಿ ಇದ್ದ ಆಯುಧ. ರಂಗದ ಮೇಲೆ ಇದು ಅಷ್ಟು ಚೆನ್ನಾಗಿ ಕಾಣುವುದಿಲ್ಲ ಅನ್ನುವುದನ್ನು ಒಪ್ಪುತ್ತೇನೆ. ಮಕ್ಕಳು ಉಳಿದರು, ಮುಂದೆ 1761ರಲ್ಲಿ ಹೈದರ್ ಅದೇ ದೊಡ್ಡಬಳ್ಳಾಪುರವನ್ನು ಗೆದ್ದುಕೊಂಡ.

ಈ ಮಾತು ಬಂದಾಗ ‘ಝಾನ್ಸಿ ರಾಣಿ ಇಲ್ವಾ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಬೇಕಾದದ್ದೇ. ಲಕ್ಷ್ಮೀಬಾಯಿಯ ಯುದ್ಧದ ಬೇರು ಮಗನಲ್ಲಿದೆ. ಗಂಡ ಗಂಗಾಧರರಾವ್ 1853ರ ನವೆಂಬರಿನಲ್ಲಿ ಸಾಯುವ ಹಿಂದಿನ ದಿನ ದತ್ತು ತೆಗೆದುಕೊಂಡ ದಾಮೋದರರಾವನನ್ನು ಇಂಗ್ಲಿಷ್ ಗವರ್ನರ್ ಜನರಲ್ ಡಾಲ್‌ಹೌಸಿ ವಾರಸುದಾರನೆಂದು ಒಪ್ಪಲಿಲ್ಲ. ಮೂರು ದಶಕ ಮೊದಲು ಕಿತ್ತೂರಿನಲ್ಲೂ ಇದೇ ಆಗಿತ್ತು. ದತ್ತು ಮಗು ಶಿವಲಿಂಗಪ್ಪನ ಹಕ್ಕನ್ನು ಕಂಪನಿ ತಳ್ಳಿಹಾಕಿದ್ದಕ್ಕೆ ಚೆನ್ನಮ್ಮ ಎದ್ದು ನಿಂತಳು, 1824ರ ಅಕ್ಟೋಬರ್ 23ರಂದು ಕಿತ್ತೂರಿನ ಮೇಲೆ ಬಂದ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಈ ಇಬ್ಬರೂ ಮಗುವಿನ ಹಕ್ಕಿಗಾಗಿ ಕತ್ತಿ ಹಿಡಿದವರು, ಆದರೆ ಮುಖ ಮುಚ್ಚಿಕೊಂಡವರಲ್ಲ. ಮುಚ್ಚಿಕೊಳ್ಳುವಂತೆಯೂ ಇರಲಿಲ್ಲ. ಗದ್ದುಗೆಯ ಮೇಲೆ ಮಗುವಿದ್ದರೆ ಆಳ್ವಿಕೆ ನಡೆಸುವ ಅಧಿಕಾರ ಬರುವುದು ರಾಣಿಗೆ, ಆ ಮನೆಯ ಹಿರಿಯಳೆಂಬ ಗುರುತಿಗೆ. ಅದನ್ನು ಬಚ್ಚಿಟ್ಟರೆ ಕೇಳುವ ಹಕ್ಕೇ ಉಳಿಯದು.

ಲಕ್ಷ್ಮೀಬಾಯಿ ಸಿಪಾಯಿ ಉಡುಪು ತೊಟ್ಟದ್ದೂ ನಿಜ. 1858ರ ಏಪ್ರಿಲ್ ಮೊದಲ ವಾರದ ರಾತ್ರಿ ಮಗನೊಂದಿಗೆ ಝಾನ್ಸಿಯಿಂದ ತಪ್ಪಿಸಿಕೊಂಡಳು. ಜೂನ್‌ನಲ್ಲಿ ಗ್ವಾಲಿಯರ್ ಹತ್ತಿರದ ಕೋಟಾ ಕಿ ಸರಾಯ್‌ನಲ್ಲಿ ಸವಾರನ ಉಡುಪಿನಲ್ಲಿ ಕಾದಾಡುತ್ತ ಬಿದ್ದಳು. ಎದುರಿನ ಇಂಗ್ಲಿಷ್ ಸವಾರರಿಗೆ ತಾವು ಹೊಡೆದದ್ದು ಯಾರನ್ನೆಂದು ಆಗ ತಿಳಿಯಲಿಲ್ಲ. ಬೆನ್ನಿಗೆ ಮಗುವನ್ನು ಕಟ್ಟಿಕೊಂಡ ಚಿತ್ರ ಕ್ಯಾಲೆಂಡರಿನಲ್ಲೂ ಸರ್ಕಲ್ಲಿನ ಪ್ರತಿಮೆಯಲ್ಲೂ ಅಚ್ಚೊತ್ತಿದೆ. ಆದರೆ ದಾಮೋದರ್ ಆಗ ಒಂಬತ್ತರ ಆಸುಪಾಸಿನ ಹುಡುಗ. ಅವನು ಬದುಕಿ ಉಳಿದು ಇಂದೋರಿನಲ್ಲಿ ಪಿಂಚಣಿಯ ಮೇಲೆ ಬಾಳಿ 1906ರಲ್ಲಿ ತೀರಿಕೊಂಡ. ನಾಟಕದ ದೃಶ್ಯಕ್ಕೆ ಇತಿಹಾಸ ಅತಿ ಹತ್ತಿರ ಬರುವುದು ಇಲ್ಲಿ. ಇಲ್ಲಿಯೂ ಉಡುಪಿನ ಕೆಲಸ ಬೇರೆ: ಒಳಗೆ ನುಸುಳುವುದಕ್ಕಲ್ಲ, ಕುದುರೆಯ ಮೇಲೆ ಕಾದಾಡುವುದಕ್ಕೆ, ಸಿಕ್ಕರೆ ಗುರುತು ಸಿಗದಿರುವುದಕ್ಕೆ. ಇಪ್ಪತ್ತರಿಂದ ಮೂವತ್ತರೊಳಗಿನ ಅವಳ ವಯಸ್ಸೂ ಮೇಲೆ ಹೇಳಿದ ಲೆಕ್ಕಕ್ಕೆ ಹೊಂದುತ್ತದೆ.

ಬೆಳೆದ ಮಗನಿಗಾಗಿ ತಾಯಂದಿರು ನಿಜಕ್ಕೂ ಯುದ್ಧಭೂಮಿಗೆ ನಡೆದ ಉದಾಹರಣೆ ಬೇಕೆಂದರೆ ಅದು ತೀರ ಇತ್ತೀಚಿನದು. 1994ರ ಡಿಸೆಂಬರಿನಲ್ಲಿ ರಷ್ಯಾ, ತನ್ನಿಂದ ಬೇರೆಯಾಗಲು ಹೊರಟಿದ್ದ ಚೆಚನ್ಯಾದೊಳಗೆ ಸೈನ್ಯ ನುಗ್ಗಿಸಿತು. ಕಡ್ಡಾಯ ಸೇವೆಗೆ ಎಳೆದೊಯ್ದ ಹದಿನೆಂಟು, ಹತ್ತೊಂಬತ್ತರ ಹುಡುಗರು ಸತ್ತರು, ಸೆರೆ ಸಿಕ್ಕರು. ಸೈನಿಕರ ತಾಯಂದಿರದೇ ಒಂದು ಸಂಘಟನೆ ರಷ್ಯಾದಲ್ಲಿ 1989ರಿಂದಲೇ ಇತ್ತು. ಅದರವರೂ, ಯಾವ ಸಂಘವೂ ಗೊತ್ತಿಲ್ಲದ ಹಳ್ಳಿಯ ಹೆಂಗಸರೂ ರೈಲು ಹತ್ತಿ ಚೆಚನ್ಯಾಗೆ ಹೋದರು. ಮಗನ ಫೋಟೋ ಕೈಯಲ್ಲಿ ಹಿಡಿದು ಎರಡೂ ಕಡೆಯ ಕಮಾಂಡರುಗಳ ಮುಂದೆ ನಿಂತರು. ಕೆಲವರು ಮಗನನ್ನು ಕರೆದುಕೊಂಡು ಹಿಂದಿರುಗಿದರು, ಕೆಲವರಿಗೆ ಹೆಣ ಸಿಕ್ಕಿತು, ಕೆಲವರಿಗೆ ಅದೂ ಇಲ್ಲ. ಅವರು ಸಿಪಾಯಿ ಉಡುಪಿನಲ್ಲಿ ಹೋಗಿದ್ದರೆ ಮೊದಲ ನಾಕಾದಲ್ಲೇ ಗುಂಡು ಬೀಳುತ್ತಿತ್ತು. ತಲೆಗೆ ವಸ್ತ್ರ ಸುತ್ತಿದ ನಡುವಯಸ್ಸಿನ ಹೆಂಗಸಾಗಿದ್ದರಿಂದಲೇ ದಾರಿ ಬಿಟ್ಟರು.

ಇಷ್ಟಾದರೂ ನಾಟಕ ಬರೆಯುವವರು ಮೀಸೆ ಅಂಟಿಸುವುದನ್ನು ಬಿಡುವುದಿಲ್ಲ, ಬಿಡಲೂಬಾರದು. ರಂಗಕ್ಕೆ ಬೇಕಾದದ್ದು ಗುರುತು ಸಿಗುವ ಕ್ಷಣ. ಪೇಟ ಬಿದ್ದು ಜಡೆ ಬಿಚ್ಚಿಕೊಂಡಾಗ ಮಗ ‘ಅಮ್ಮಾ’ ಅನ್ನಬೇಕು, ಪೆಟ್ಟಿಗೆ ಮಾಸ್ಟರು ಮೇಲಿನ ಸ್ವರ ಹಿಡಿಯಬೇಕು. ಮಜ್ಜಿಗೆ ಗಡಿಗೆ ಹೊತ್ತವಳಿಗೆ ಅಂಥ ಎಂಟ್ರಿ ಕೊಡುವುದು ಕಷ್ಟ. ಅದೂ ಅಲ್ಲದೆ ಗಂಡಸರೇ ಸೀತೆ, ದ್ರೌಪದಿಯಾಗಿದ್ದನ್ನು ನೋಡಿ ಬೆಳೆದ ಪ್ರೇಕ್ಷಕರು ಇವರು. ವೇಷದೊಳಗೆ ಯಾರಿದ್ದಾರೆಂದು ಗೊತ್ತಿದ್ದೂ ಗೊತ್ತಿಲ್ಲದಂತೆ ಕೂರುವುದು ಅವರಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಈಗಿನ ಕಾಲದಲ್ಲಾದರೆ? ಬೆಳಗಿನ ಐದಕ್ಕೆ ಕೋಲಾರ, ಚಿಕ್ಕಬಳ್ಳಾಪುರದ ಮೈದಾನಗಳಲ್ಲಿ 1.6 ಕಿಲೋಮೀಟರ್ ಓಟ ಅಭ್ಯಾಸ ಮಾಡುವ ಹುಡುಗರನ್ನು ಕೇಳಿ. ಆಧಾರ್, ಬೆರಳಚ್ಚು, ಫೋಟೋ, ಬಟ್ಟೆ ಬಿಚ್ಚಿಸಿ ಮಾಡುವ ಮೆಡಿಕಲ್. ಬೆರಳು, ಹಲ್ಲು ನೋಡಿ ಕಳಿಸುವ ಕಾಲ ಹೋಯಿತು. ಇನ್ನೊಂದು ಕಡೆ, ವೇಷದ ಅಗತ್ಯವೇ ಕಡಿಮೆಯಾಗಿದೆ. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಲ್ಲಿ 83 ಮಹಿಳೆಯರು ತರಬೇತಿ ಮುಗಿಸಿ ಭಾರತೀಯ ಸೇನೆಯ ಜವಾನರಾದರು, ತಮ್ಮದೇ ಹೆಸರಿನಲ್ಲಿ, ತಮ್ಮದೇ ಮುಖದಲ್ಲಿ. ಅಲ್ಲಿಗೆ ಅರ್ಜಿ ಹಾಕಲು ಹದಿಹರೆಯ ದಾಟುತ್ತಿರುವ ವಯಸ್ಸಿರಬೇಕು, ಮದುವೆಯಾಗಿರಬಾರದು. ಗಂಡ ತೀರಿಕೊಂಡಿದ್ದರೆ, ವಿಚ್ಛೇದನವಾಗಿದ್ದರೆ ಅರ್ಜಿ ಹಾಕಬಹುದು, ಮಕ್ಕಳಿರಬಾರದೆಂಬ ಷರತ್ತಿನ ಮೇಲೆ. ಸೇವೆಯಲ್ಲಿದ್ದಾಗ ತೀರಿಹೋದ ಸೈನಿಕರ ಹೆಂಡತಿಯರಿಗೆ ಕೆಲವು ರಿಯಾಯಿತಿಗಳಿವೆ.